ದರ, ಆಸನ, ಆದರ

ನಮ್ಮ ಬಡಾವಣೆಯಲ್ಲಿ ನನಗೆ ಬೇಡದ ಒಂದು ಕೀರ್ತಿ ಅಂಟಿಕೊಂಡಿದೆ. ಉಳಿದವರಿಗಿಂತ ನಾಲ್ಕಾರು ಸಲ ಹೆಚ್ಚಾಗಿ ವಿಮಾನದಲ್ಲಿ ಓಡಾಡಿದವನು ನಾನು. ಅಷ್ಟೇ ಕಾರಣಕ್ಕೆ, ಯಾರು ಎಲ್ಲಿಗೆ ಹೊರಟರೂ ಬಾಗಿಲಲ್ಲಿ ಒಂದು ಗಳಿಗೆ ನಿಂತು, “ಸ್ವಾಮಿ, ಯಾವ ಕಂಪೆನಿಯ ವಿಮಾನ ಒಳ್ಳೆಯದು?” ಎಂದು ಕೇಳಿ ಹೋಗುವುದು ವಾಡಿಕೆಯಾಗಿಬಿಟ್ಟಿದೆ. ಬಹುಕಾಲ ಇದಕ್ಕೆ ನನ್ನ ಬಳಿ ಒಂದು ಸಿದ್ಧ ಉತ್ತರವಿತ್ತು: “ಯಾವುದು ಅಗ್ಗವೋ ಅದು.” ಈಗ ಆ ಉತ್ತರವನ್ನು ನಾನು ಕೊಡುವುದಿಲ್ಲ. ಏಕೆ ಕೊಡುವುದಿಲ್ಲ ಎಂಬುದನ್ನು ವಿವರಿಸುವುದೇ ಈ ಹೊತ್ತಿನ ನನ್ನ ಮಾತಿನ ಉದ್ದೇಶ.

ವಿಮಾನ ಕಂಪೆನಿಗಳನ್ನು ಒಂದರೊಡನೊಂದು ಹೋಲಿಸಿ ನೋಡುವ ಅವಕಾಶವೇ ನಮ್ಮ ದೇಶದಲ್ಲಿ ಇತ್ತೀಚಿನದು. 1953ರ ಕಾಯ್ದೆಯ ಪ್ರಕಾರ ವಿಮಾನಯಾನ ರಾಷ್ಟ್ರೀಕರಣಗೊಂಡಿತು. ಒಳನಾಡಿಗೆ ಇಂಡಿಯನ್ ಏರ್‌ಲೈನ್ಸ್, ಹೊರನಾಡಿಗೆ ಏರ್ ಇಂಡಿಯಾ ಎಂದು ಎರಡು ನಿಗಮಗಳಾದವು. ಮುಂದಿನ ಸುಮಾರು ನಾಲ್ಕು ದಶಕಗಳ ಕಾಲ ಬೆಂಗಳೂರಿನಿಂದ ದಿಲ್ಲಿಗೆ ಹಾರಬೇಕಾದವನ ಮುಂದೆ ‘ಯಾವುದು’ ಎಂಬ ಪ್ರಶ್ನೆಯೇ ಇರಲಿಲ್ಲ. ಇದ್ದದ್ದು ‘ಸಾಧ್ಯವೇ’ ಎಂಬ ಪ್ರಶ್ನೆ ಮಾತ್ರ.

ಆ ಪ್ರಶ್ನೆ ನನ್ನ ಪಾಲಿಗೂ ಒಮ್ಮೆ ಬಂದಿತ್ತು. 1981ರಲ್ಲಿ ನಾನು ದಿಲ್ಲಿಯ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಒಂದು ಮಧ್ಯಾಹ್ನ ಊರಿನಿಂದ ತಂತಿ ಬಂತು: ತಂದೆಗೆ ಕಾಯಿಲೆ ವಿಷಮಿಸಿದೆ, ಕೂಡಲೇ ಹೊರಡು. ವಿಮಾನದ ಟಿಕೆಟ್ಟಿನ ಬೆಲೆ ವಿಚಾರಿಸಿದೆ. ಅದು ನನ್ನ ಒಂದು ತಿಂಗಳ ಸಂಬಳವನ್ನು ಮೀರಿತ್ತು. ಕೈಯಲ್ಲಿದ್ದ ದುಡ್ಡಿಗೆ ರೈಲು ಹತ್ತಿದೆ. ಎರಡು ಹಗಲು, ಎರಡು ರಾತ್ರಿ. ಅರಸೀಕೆರೆಯ ಬಳಿಯ ನಮ್ಮೂರನ್ನು ನಾನು ಮುಟ್ಟುವ ಹೊತ್ತಿಗೆ ಎಲ್ಲವೂ ಮುಗಿದುಹೋಗಿತ್ತು. ಕಡೆಯ ಗಳಿಗೆಯಲ್ಲಿ ತಂದೆಯ ಕೈ ಹಿಡಿದು ಕುಳಿತಿದ್ದವಳು ನನ್ನ ಅಕ್ಕ. ಆದುದರಿಂದ, ಅಗ್ಗದ ವಿಮಾನವೆಂದರೆ ಮೂಗು ಮುರಿಯುವವರ ಗುಂಪಿಗೆ ನಾನು ಎಂದೂ ಸೇರಲಾರೆ. ಕಡಿಮೆ ದರವೆಂಬುದು ಕೆಲವರಿಗೆ ಲಾಭದ ಮಾತು. ಇನ್ನು ಕೆಲವರಿಗೆ ಅದು ಮುಖ ನೋಡಲು ಸಿಕ್ಕುವುದೋ ಇಲ್ಲವೋ ಎಂಬ ಮಾತು.

1994ರಲ್ಲಿ ಹಳೆಯ ಕಾಯ್ದೆ ರದ್ದಾಗಿ, ಖಾಸಗಿ ಕಂಪೆನಿಗಳಿಗೆ ಬಾಗಿಲು ಪೂರ್ತಿ ತೆರೆಯಿತು. ಆದರೆ ಟಿಕೆಟ್ಟನ್ನು ಸಾಮಾನ್ಯರ ಕೈಗೆಟಕುವಂತೆ ಮಾಡಿದ ಘಟನೆ ನಡೆದದ್ದು 2003ರಲ್ಲಿ, ಅದೂ ನಮ್ಮ ಬೆಂಗಳೂರಿನಲ್ಲಿ. ಹಾಸನ ಜಿಲ್ಲೆಯ ಗೊರೂರಿನವರಾದ ಕ್ಯಾಪ್ಟನ್ ಜಿ. ಆರ್. ಗೋಪಿನಾಥ್ ಏರ್ ಡೆಕ್ಕನ್ ಕಂಪೆನಿಯನ್ನು ಆರಂಭಿಸಿದರು. ಅವರು ಸೈನ್ಯದಿಂದ ಹಿಂದಿರುಗಿ ಬೇಸಾಯ ಮಾಡಿದವರು. ಮೈಸೂರಿನಲ್ಲಿ ಹುಟ್ಟಿದ ಆರ್. ಕೆ. ಲಕ್ಷ್ಮಣ್ ಅವರ ‘ಶ್ರೀಸಾಮಾನ್ಯ’ ಆ ಕಂಪೆನಿಯ ಗುರುತಾದ. ತೆರಿಗೆಗಳನ್ನು ಬಿಟ್ಟು 1 ರೂಪಾಯಿಗೆ ಕೆಲವು ಟಿಕೆಟ್ಟುಗಳನ್ನು ಮಾರಿದ್ದನ್ನು ಅನೇಕರು ಇನ್ನೂ ನೆನೆಯುತ್ತಾರೆ. ಆ ಕಂಪೆನಿ 2008ರಲ್ಲಿ ಕಿಂಗ್‌ಫಿಷರ್‌ನಲ್ಲಿ ಲೀನವಾಯಿತು. ಕಿಂಗ್‌ಫಿಷರ್ 2012ರಲ್ಲಿ ಹಾರಾಟವನ್ನೇ ನಿಲ್ಲಿಸಿತು. ಕಂಪೆನಿಗಳು ಹೋದರೂ ಅವು ತಂದ ರೀತಿ ಉಳಿಯಿತು. 2006ರಲ್ಲಿ ಹಾರಲು ತೊಡಗಿದ ಇಂಡಿಗೊ, 2022ರಲ್ಲಿ ಬಂದ ಆಕಾಶ ಏರ್ ಮುಂತಾದವು ಈ ಮಿತದರದ ಹಾದಿಯಲ್ಲೇ ಬೆಳೆದವು. ಊಟ ಉಪಚಾರಗಳನ್ನು ಟಿಕೆಟ್ಟಿನಲ್ಲೇ ಸೇರಿಸಿಕೊಡುವ ಹಳೆಯ ಸಂಪ್ರದಾಯವನ್ನು ಏರ್ ಇಂಡಿಯಾ ಉಳಿಸಿಕೊಂಡಿದೆ. ಅದು 2022ರಲ್ಲಿ ಮತ್ತೆ ಟಾಟಾ ಸಮೂಹದ ಕೈಸೇರಿತು. 2024ರಲ್ಲಿ ವಿಸ್ತಾರವೂ ಅದರಲ್ಲಿ ವಿಲೀನವಾಯಿತು.

ಮಿತದರ ಹೇಗೆ ಸಾಧ್ಯವಾಗುತ್ತದೆ? ಇಂಧನದ ಬೆಲೆಯಲ್ಲಿ ಯಾರಿಗೂ ದೊಡ್ಡ ರಿಯಾಯಿತಿ ಇಲ್ಲ. ಉಳಿತಾಯವೆಲ್ಲ ಬೇರೆ ಕಡೆ. ಆದಷ್ಟೂ ಒಂದೇ ಜಾತಿಯ ವಿಮಾನಗಳನ್ನು ಇಟ್ಟುಕೊಂಡರೆ ಚಾಲಕರ ತರಬೇತಿಯೂ ಬಿಡಿಭಾಗಗಳ ದಾಸ್ತಾನೂ ಸುಲಭವಾಗುತ್ತವೆ. ಇಳಿದ ವಿಮಾನ ಅರ್ಧ ಗಂಟೆಯಲ್ಲಿ ಮತ್ತೆ ಏರಿದರೆ ದಿನಕ್ಕೆ ಒಂದು ಹಾರಾಟ ಹೆಚ್ಚು ದೊರೆಯುತ್ತದೆ. ಅದೇ ಒಡಲಿನಲ್ಲಿ ಹೆಚ್ಚು ಕುರ್ಚಿಗಳನ್ನು ಜೋಡಿಸಿದರೆ ಖರ್ಚು ಹೆಚ್ಚು ತಲೆಗಳ ಮೇಲೆ ಹಂಚಿಹೋಗುತ್ತದೆ. ಇಷ್ಟಾದರೂ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ದರ ಕಡಿಮೆಯೆಂದು ಸುರಕ್ಷತೆಯ ಕಟ್ಟಳೆ ಸಡಿಲವಾಗುವುದಿಲ್ಲ. ನಾಗರಿಕ ವಿಮಾನಯಾನ ನಿರ್ದೇಶನಾಲಯದ ನಿಯಮಗಳು ಎಲ್ಲರಿಗೂ ಸಮಾನ.

ಈಗ ದರದ ಒಳಗನ್ನು ಸ್ವಲ್ಪ ಬಿಚ್ಚಿ ನೋಡೋಣ. ಟಿಕೆಟ್ಟಿನ ಮೊತ್ತದಲ್ಲಿ ಮೂಲ ದರವಿದೆ, ವಿಮಾನ ನಿಲ್ದಾಣದ ಬಳಕೆಯ ಶುಲ್ಕವಿದೆ, ಭದ್ರತೆಯ ಶುಲ್ಕವಿದೆ, ಸಾಮಾನ್ಯ ದರ್ಜೆಗೆ ಶೇಕಡಾ 5ರ ಜಿಎಸ್‌ಟಿ ಇದೆ. ಒಂದೇ ಸಾಲಿನಲ್ಲಿ ಕುಳಿತ ಮೂವರು ಮೂರು ಬೆಲೆ ಕೊಟ್ಟಿರುವುದು ಇಲ್ಲಿ ತೀರ ಸಾಮಾನ್ಯ. ಒಂದೇ ದರ್ಜೆಯ ಕುರ್ಚಿಗಳನ್ನು ಕಂಪೆನಿ ಹಲವು ದರಗಳ ಗುಂಪುಗಳಾಗಿ ಹಂಚಿಡುತ್ತದೆ. ಅಗ್ಗದ ಗುಂಪು ತೀರಿದೊಡನೆ ಮುಂದಿನ ಗುಂಪಿನ ಬಾಗಿಲು ತೆರೆಯುತ್ತದೆ.

ಇದರಲ್ಲಿ ಒಂದು ವಿಚಿತ್ರವಿದೆ. ಕೃಷ್ಣರಾಜ ಮಾರುಕಟ್ಟೆಯಲ್ಲಿ ಮಲ್ಲಿಗೆ ಮಾರುವಾಕೆ ಹೊತ್ತಿಳಿದಂತೆ ಬೆಲೆಯನ್ನೂ ಇಳಿಸುತ್ತಾಳೆ. ರಾತ್ರಿಯಾದರೆ ಆ ಹೂವಿಗೆ ಬೆಲೆಯಿಲ್ಲವೆಂದು ಆಕೆ ಬಲ್ಲಳು. ವಿಮಾನದ ಕುರ್ಚಿಯೂ ಹೂವಿನಂಥದೇ. ಬಾಗಿಲು ಮುಚ್ಚಿದ ಮೇಲೆ ಖಾಲಿ ಉಳಿದ ಕುರ್ಚಿಗೆ ಕವಡೆಯ ಕಿಮ್ಮತ್ತಿಲ್ಲ. ಆದರೂ ಹೊರಡುವ ದಿನ ಹತ್ತಿರವಾದಂತೆ ಅದರ ಬೆಲೆ ಸಾಮಾನ್ಯವಾಗಿ ಏರುತ್ತದೆ. ಕಾರಣವಿಷ್ಟೆ: ಎರಡು ತಿಂಗಳ ಮೊದಲು ಕೊಳ್ಳುವವನು ಪ್ರವಾಸಿ, ಹೋಗದಿದ್ದರೂ ಅವನಿಗೆ ನಡೆಯುತ್ತದೆ. ಹಿಂದಿನ ದಿನ ಕೊಳ್ಳುವವನು ವ್ಯಾಪಾರದ ತುರ್ತಿನವನು, ಇಲ್ಲವೆ 1981ರ ನನ್ನಂತೆ ಊರಿನ ಕರೆ ಬಂದವನು. ಅವನು ಹೋಗಲೇಬೇಕು. ಕಂಪೆನಿಗೆ ಇದು ಗೊತ್ತು. ಜಾಹೀರಾತಿನ ಅಗ್ಗದ ದರವನ್ನು ನೋಡಿ ಸಂತೋಷಪಡುವಾಗ, ಅದು ಅವಸರವಿಲ್ಲದವರಿಗೆ ಮೀಸಲಾದ ದರವೆಂಬುದನ್ನು ಮರೆಯಬಾರದು.

ಇನ್ನು ನನ್ನ ಸಿದ್ಧ ಉತ್ತರ ಕೈಬಿಟ್ಟ ಕಥೆ. ಎರಡು ವರ್ಷದ ಹಿಂದೆ ಅಕ್ಕನ ಮೊಮ್ಮಗಳ ಮದುವೆ ದಿಲ್ಲಿಯಲ್ಲಿ ನಿಶ್ಚಯವಾಯಿತು. ಅಕ್ಕನಿಗೆ ಆಗ 76. ಎರಡೂ ಮೊಣಕಾಲುಗಳಲ್ಲಿ ಸವೆತ. ಟಿಕೆಟ್ಟು ಕೊಳ್ಳುವ ಭಾರ ನನ್ನದು. ನಾಲ್ಕು ಕಂಪೆನಿಗಳ ದರಗಳನ್ನು ಕಾಗದದ ಮೇಲೆ ಬರೆದು, ಎಲ್ಲಕ್ಕಿಂತ ಅಗ್ಗದ್ದನ್ನು ಆರಿಸಿದೆ. ಇಬ್ಬರಿಂದ 2300 ರೂಪಾಯಿ ಉಳಿಯಿತೆಂದು ಮನೆಯಲ್ಲಿ ಹೇಳಿಕೊಂಡೆ. ಬೆಳಗಿನ ಜಾವ 5:30ರ ವಿಮಾನ. ದೇವನಹಳ್ಳಿಯ ನಿಲ್ದಾಣ ಊರಿನ ನಡುವಿನಿಂದ 35 ಕಿಲೋಮೀಟರಿಗೂ ದೂರ. ರಾತ್ರಿ 2 ಗಂಟೆಗೆ ಮನೆ ಬಿಡಬೇಕಾಯಿತು. ಆ ಹೊತ್ತಿನ ಟ್ಯಾಕ್ಸಿಗೆ ಹಗಲಿಗಿಂತ 300 ರೂಪಾಯಿ ಹೆಚ್ಚು. ಮದುವೆಗೆಂದು ಅಕ್ಕ ಕಟ್ಟಿಸಿಕೊಂಡಿದ್ದ ಚಕ್ಕುಲಿ, ಕೊಬ್ಬರಿ ಮಿಠಾಯಿಗಳಿಂದ ಪೆಟ್ಟಿಗೆಯ ತೂಕ ಮಿತಿಯನ್ನು ಮೀರಿ 1100 ರೂಪಾಯಿ ತೆತ್ತೆ. ಮೇಲೆ ಹಾರಿದಾಗ ಇಬ್ಬರ ತಿಂಡಿಗೂ ಚಹಕ್ಕೂ 450. ಕಡೆಗೆ ಉಳಿದದ್ದು 450 ರೂಪಾಯಿ. ನಾನು ಬಿಟ್ಟುಬಿಟ್ಟ ಇನ್ನೊಂದು ಟಿಕೆಟ್ಟಿನಲ್ಲಿ ಹೆಚ್ಚಿನ ತೂಕ, ತಿಂಡಿ, ಬೇಕಾದ ಆಸನ ಎಲ್ಲವೂ ಸೇರಿದ್ದವು.

ಆಸನವನ್ನು ಆರಿಸಿಕೊಳ್ಳಲು ಬೇರೆ ದುಡ್ಡು ಕೇಳಿದಾಗ ನಾನು ಕೊಟ್ಟಿರಲಿಲ್ಲ. ಎಲ್ಲಿಯಾದರೇನು, ಮೂರು ಗಂಟೆಯ ಮಾತು ಎಂದುಕೊಂಡಿದ್ದೆ. ನನಗೆ 8ನೆಯ ಸಾಲು ಬಂತು. ಅಕ್ಕನಿಗೆ 23ನೆಯ ಸಾಲಿನ ನಡುವಣ ಕುರ್ಚಿ. ವಿಮಾನದ ಬಳಿಗೆ ಬಸ್ಸಿನಲ್ಲಿ ಕರೆದೊಯ್ದರು. ಅಲ್ಲಿಂದ ಮೆಟ್ಟಿಲು ಹತ್ತಬೇಕು. ಹಿಂದಿನಿಂದ ಜನ ನೂಕುತ್ತಿದ್ದರು. ಎರಡು ಗಂಟೆ ತಡವಾಗಿ ವಿಮಾನ ಹೊರಟಿತು. ದಿಲ್ಲಿಯಲ್ಲಿ ಇಳಿದಾಗ ಅಕ್ಕನಿಗೆ ಎದ್ದು ನಿಲ್ಲುವುದಕ್ಕೇ ಇಬ್ಬರು ಬೇಕಾದರು. ಮದುವೆಯ ಎರಡು ದಿನವೂ ಆಕೆ ಕಾಲನ್ನು ಒಂದು ಸ್ಟೂಲಿನ ಮೇಲಿಟ್ಟುಕೊಂಡು ದೂರದಿಂದ ಧಾರೆಯನ್ನು ನೋಡಿದಳು. ನಾನು ಕ್ಷಮೆ ಕೇಳುವ ಧಾಟಿಯಲ್ಲಿ ಏನೋ ಹೇಳಹೋದೆ. “ವಿಮಾನ ಚೆನ್ನಾಗೇ ಇತ್ತು ಕಣೋ, ನನ್ನ ಕಾಲೇ ಅದಕ್ಕೆ ಸರಿಹೋಗಲಿಲ್ಲ” ಎಂದಳು.

ಆ ಮಾತು ನನ್ನನ್ನು ಆಸನಗಳ ಲೆಕ್ಕದತ್ತ ತಳ್ಳಿತು. ವಿಮಾನದವರು ಆಸನವನ್ನು ಎರಡು ಅಳತೆಗಳಲ್ಲಿ ಹೇಳುತ್ತಾರೆ. ಒಂದು, ಅಗಲ. ಇನ್ನೊಂದು, ‘ಪಿಚ್’, ಎಂದರೆ ಒಂದು ಕುರ್ಚಿಯ ಯಾವುದಾದರೂ ಬಿಂದುವಿನಿಂದ ಮುಂದಿನ ಕುರ್ಚಿಯ ಅದೇ ಬಿಂದುವಿಗೆ ಇರುವ ದೂರ. ಸಾಮಾನ್ಯ ದರ್ಜೆಯಲ್ಲಿ ಇದು ಸುಮಾರು 28ರಿಂದ 32 ಅಂಗುಲ. ಇದೆಲ್ಲವೂ ಮೊಣಕಾಲಿಗೆ ಸಿಕ್ಕುವ ಜಾಗವಲ್ಲ. ಕುರ್ಚಿಯ ಬೆನ್ನಿನ ದಪ್ಪವೂ ಇದರೊಳಗೇ ಸೇರಿದೆ. ಆದುದರಿಂದ ತೆಳುವಾದ ಬೆನ್ನಿನ 29 ಅಂಗುಲ, ದಪ್ಪ ಮೆತ್ತೆಯ 30 ಅಂಗುಲಕ್ಕಿಂತ ಕಾಲಿಗೆ ಹಿತವಾಗಬಹುದು. ಆದರೆ ತೆಳುವಾದ ಮೆತ್ತೆ ಸೊಂಟಕ್ಕೆ ಹಿತವಲ್ಲ.

ವಿಮಾನದ ಜಾತಿಯೂ ಮುಖ್ಯ. ಏರ್‌ಬಸ್ 320 ವಿಮಾನದಲ್ಲಿ ಓಣಿಯ ಎರಡು ಬದಿಗೂ ಮೂರು ಮೂರು ಕುರ್ಚಿ. ಎಲ್ಲವೂ ಸಾಮಾನ್ಯ ದರ್ಜೆಯಾದರೆ 180ರಿಂದ 186 ಮಂದಿ ಹಿಡಿಸುತ್ತಾರೆ. ಮುಂದೆ ಮೇಲ್ದರ್ಜೆಯನ್ನಿಟ್ಟ ಕಂಪೆನಿಯಲ್ಲಿ ಅದೇ ಒಡಲಿಗೆ 160ರ ಆಸುಪಾಸು. ಬೋಯಿಂಗ್ 737ರ ಒಳ ಅಗಲ ಇದಕ್ಕಿಂತ ಕಡಿಮೆ. ಅದರ ಕುರ್ಚಿಯ ಅಗಲ ಸುಮಾರು 17 ಅಂಗುಲವಾದರೆ ಏರ್‌ಬಸ್ಸಿನದು 18. ಒಂದು ಅಂಗುಲವೇನು ಮಹಾ ಎನ್ನುವವರು ನಡುವಣ ಕುರ್ಚಿಯಲ್ಲಿ ಕುಳಿತು ನೋಡಬೇಕು. ಸಣ್ಣ ನಿಲ್ದಾಣಗಳಿಗೆ ಹಾರುವ ಎಟಿಆರ್ 72 ವಿಮಾನದಲ್ಲಿ ಬದಿಗೆ ಎರಡೆರಡೇ ಕುರ್ಚಿ. ನಡುವಣ ಕುರ್ಚಿಯ ಸಂಕಟವೇ ಇಲ್ಲ. ಆದರೆ ರೆಕ್ಕೆಯ ಬಳಿ ಪಂಖದ ಸದ್ದು, ತಲೆಯ ಮೇಲಿನ ಸಾಮಾನಿನ ಗೂಡು ಕಿರಿದು. ಬೆಳಗಾವಿಯಂಥ ಊರುಗಳನ್ನು ಜೋಡಿಸಿದ ಸ್ಟಾರ್ ಏರ್ ಬಳಸುವ 50 ಆಸನದ ಎಂಬ್ರೇಯರ್ 145ರಲ್ಲಿ ಒಂದು ಬದಿಗೆ ಒಂದೇ ಕುರ್ಚಿ. ಕಿಟಕಿಯೂ ಓಣಿಯೂ ಒಬ್ಬರಿಗೇ ದೊರೆಯುವ ಭಾಗ್ಯ ಅದು. ತುರ್ತು ಬಾಗಿಲಿನ ಸಾಲಿನಲ್ಲಿ ಕಾಲು ಚಾಚಲು ಧಾರಾಳ ಸ್ಥಳವಿರುತ್ತದೆ. ಆದರೆ ಅದನ್ನು ವೃದ್ಧರಿಗೂ ಮಕ್ಕಳಿಗೂ ಗರ್ಭಿಣಿಯರಿಗೂ ಕೊಡುವುದಿಲ್ಲ, ಏಕೆಂದರೆ ಅಪಾಯ ಬಂದರೆ ಆ ಬಾಗಿಲನ್ನು ತೆರೆಯಬೇಕಾದವರು ಅಲ್ಲಿ ಕುಳಿತವರೇ. ಮೊಣಕಾಲು ನೋವಿನವರಿಗೆ ಓಣಿಯ ಪಕ್ಕದ ಕುರ್ಚಿಯೇ ಮೇಲು. ಒಂದು ಕಾಲನ್ನಾದರೂ ಆಗಾಗ ಚಾಚಬಹುದು, ಎದ್ದು ನಾಲ್ಕು ಹೆಜ್ಜೆ ಹಾಕಬಹುದು.

ಮೂರನೆಯದು ಉಪಚಾರ. ಇಲ್ಲಿ ನಾವು ಮೊದಲು ನೋಡುವುದು ಊಟವನ್ನು. ಒಂದು ಮಾತು ಅಡುಗೆಯವರ ಪರವಾಗಿ ಹೇಳಬೇಕು. ವಿಮಾನ 35,000 ಅಡಿಯ ಎತ್ತರದಲ್ಲಿದ್ದರೂ ಒಳಗಿನ ಗಾಳಿಯ ಒತ್ತಡವನ್ನು 6000ದಿಂದ 8000 ಅಡಿ ಎತ್ತರದಲ್ಲಿರುವಂತೆ ಇಟ್ಟಿರುತ್ತಾರೆ. ಎಂದರೆ ನಾವು ಮುಳ್ಳಯ್ಯನಗಿರಿಯ ನೆತ್ತಿಯಲ್ಲೋ ಊಟಿಯಲ್ಲೋ ಕುಳಿತಂತೆ. ಆದರೆ ಅಲ್ಲಿಯ ತಂಪು ತೇವ ಇಲ್ಲಿಲ್ಲ. ಗಾಳಿ ಬಹಳ ಒಣ. ಇಂತಹ ಗಾಳಿಯಲ್ಲಿ ಮೂಗು ಒಣಗುತ್ತದೆ, ನಾಲಗೆಗೆ ಉಪ್ಪು ಸಿಹಿಗಳು ಮಂಕಾಗುತ್ತವೆ. ನೆಲದ ಮೇಲೆ ಬೇಯಿಸಿ, ತಣಿಸಿ, ಮತ್ತೆ ಬಿಸಿ ಮಾಡಿದ ಅನ್ನ ಸಪ್ಪೆಯೆನಿಸಿದರೆ ತಪ್ಪೆಲ್ಲ ಬಾಣಸಿಗನದಲ್ಲ. ಮೂರು ಗಂಟೆಯ ಪ್ರಯಾಣದಲ್ಲಿ ಊಟಕ್ಕೋಸ್ಕರ ಕಂಪೆನಿಯನ್ನು ಆರಿಸುವುದು ನನಗೆ ಅಷ್ಟು ಸರಿಯಾಗಿ ತೋರುವುದಿಲ್ಲ. ಮನೆಯ ಚಪಾತಿ ಕೈಚೀಲದಲ್ಲಿದ್ದರೆ ಸಾಕು. ಕುಡಿಯುವ ನೀರನ್ನು ಯಾವ ಕಂಪೆನಿಯಾದರೂ ಕೇಳಿದರೆ ಕೊಡುತ್ತದೆ.

ಗಗನಸಖಿಯರನ್ನು ಬಡಿಸುವವರೆಂದು ತಿಳಿಯುವುದೂ ಒಂದು ತಪ್ಪು ಗ್ರಹಿಕೆ. ನಿಯಮದಂತೆ 50 ಆಸನಗಳಿಗೆ ಕನಿಷ್ಠ ಒಬ್ಬರು ಸಿಬ್ಬಂದಿ ಇರಬೇಕು. ಅವರ ಮುಖ್ಯ ಕೆಲಸ ಜೀವ ಉಳಿಸುವುದು. ದೊಡ್ಡ ವಿಮಾನವೊಂದಕ್ಕೆ ಪರವಾನಗಿ ದೊರೆಯಬೇಕಾದರೆ, ಅರ್ಧದಷ್ಟು ಬಾಗಿಲುಗಳು ಮುಚ್ಚಿದ್ದರೂ 90 ಸೆಕೆಂಡುಗಳಲ್ಲಿ ಎಲ್ಲರನ್ನೂ ಹೊರಗಿಳಿಸಬಹುದೆಂದು ತೋರಿಸಿಕೊಡಬೇಕು. ಆ 90 ಸೆಕೆಂಡುಗಳಿಗಾಗಿ ತರಬೇತಾದವರು ಮಿಕ್ಕ ಹೊತ್ತಿನಲ್ಲಿ ನಮಗೆ ಚಹ ಕೊಡುತ್ತಾರೆ, ಅಷ್ಟೆ.

ಮದುವೆ ಮುಗಿಸಿ ದಿಲ್ಲಿಯಿಂದ ಹಿಂದಿರುಗಿದ್ದು ಅದೇ ಕಂಪೆನಿಯ ವಿಮಾನದಲ್ಲಿ. ಮೊದಲೇ ಎರಡೂ ಕಡೆಗೆ ಟಿಕೆಟ್ಟು ಕೊಂಡಾಗಿತ್ತು. ಆದರೆ ಈ ಸಲ ನಾನು ಮಾಡಿದ ಕೆಲಸಗಳು ಮೂರು. ದುಡ್ಡು ತೆತ್ತು ಮಧ್ಯಾಹ್ನದ ಹಾರಾಟಕ್ಕೆ ಬದಲಾಯಿಸಿದೆ. ಮುಂದಿನ ಸಾಲುಗಳಲ್ಲಿ ಓಣಿಯ ಪಕ್ಕದ ಕುರ್ಚಿಯನ್ನು ಅಕ್ಕನಿಗೂ ಅದರ ಪಕ್ಕದ್ದನ್ನು ನನಗೂ ಕೊಂಡೆ. ಎರಡು ದಿನ ಮೊದಲೇ ಗಾಲಿಕುರ್ಚಿ ಬೇಕೆಂದು ತಿಳಿಸಿದೆ. ನಿಲ್ದಾಣದ ಬಾಗಿಲಿನಿಂದಲೇ ಒಬ್ಬ ಹುಡುಗ ಅಕ್ಕನನ್ನು ಕೂರಿಸಿಕೊಂಡು ಹೋದ. ಎಲ್ಲರಿಗಿಂತ ಮೊದಲು ಒಳಗೆ ಬಿಟ್ಟರು. ಅಕ್ಕ ಮಾತ್ರೆಯ ಪೊಟ್ಟಣ ಬಿಡಿಸುತ್ತಿದ್ದುದನ್ನು ದೂರದಿಂದ ಕಂಡ ಗಗನಸಖಿಯೊಬ್ಬಳು ಕೇಳದೆಯೇ ಒಂದು ಲೋಟ ಬಿಸಿನೀರು ತಂದು, “ಅಜ್ಜಿ, ನಿಧಾನವಾಗಿ ಕುಡೀರಿ, ಸುಡುತ್ತೆ” ಎಂದಳು. ಶಿವಮೊಗ್ಗದ ಹುಡುಗಿ. ಆ ಬಿಸಿನೀರು ಯಾವ ದರಪಟ್ಟಿಯಲ್ಲೂ ಇರಲಿಲ್ಲ.

ಅದೇ ಕಂಪೆನಿ, ಅದೇ ಜಾತಿಯ ವಿಮಾನ, ಅಷ್ಟೇ ಅಂಗುಲಗಳು. ಹೋಗುವಾಗಿನ ಬವಣೆಗೂ ಬರುವಾಗಿನ ನೆಮ್ಮದಿಗೂ ಇದ್ದ ಅಂತರದಲ್ಲಿ ಹೆಚ್ಚಿನ ಪಾಲು ನನ್ನದು. ನಾನು ಕಂಪೆನಿಗಳನ್ನು ಒಂದರೊಡನೊಂದು ಹೋಲಿಸಿದ್ದೆ. ಹೊರಟವಳು ಯಾರೆಂದು ನೋಡಿರಲಿಲ್ಲ. ಟಿಕೆಟ್ಟಿನ ಮೇಲೆ ಅಚ್ಚಾದ ದರ ಕೈಕಾಲು ಗಟ್ಟಿಯಿರುವ, ಹಸಿವಿಲ್ಲದ, ಸಾಮಾನಿಲ್ಲದ, ಅವಸರವಿಲ್ಲದ ಒಬ್ಬ ವ್ಯಕ್ತಿಯ ದರ. ನಮ್ಮಲ್ಲಿ ಯಾರೂ ಎಲ್ಲ ಕಾಲಕ್ಕೂ ಆ ವ್ಯಕ್ತಿಯಲ್ಲ. ಅವನಿಂದ ನಾವು ಎಷ್ಟು ಭಿನ್ನರೋ ಅಷ್ಟನ್ನು ಆ ದರಕ್ಕೆ ಕೂಡಿಸಿ, ಆಮೇಲೆ ಹೋಲಿಸಬೇಕು.

ಹಾಗೆ ಕೂಡಿಸಿದ ಮೇಲೂ ನೋಡಬೇಕಾದ ಒಂದು ಸಂಗತಿ ಉಳಿಯುತ್ತದೆ: ವಿಮಾನ ಹೇಳಿದ ಹೊತ್ತಿಗೆ ಹೊರಡುತ್ತದೆಯೇ? ಈ ವಿಷಯದಲ್ಲಿ ನಾವು ಕತ್ತಲಲ್ಲಿ ಇರಬೇಕಾಗಿಲ್ಲ. ಯಾವ ಕಂಪೆನಿಯ ಎಷ್ಟು ವಿಮಾನಗಳು ವೇಳೆಗೆ ನಡೆದವು, ಎಷ್ಟು ರದ್ದಾದವು, 10,000 ಪ್ರಯಾಣಿಕರಿಗೆ ಎಷ್ಟು ದೂರುಗಳು ಬಂದವು ಎಂಬುದನ್ನು ನಿರ್ದೇಶನಾಲಯ ತಿಂಗಳು ತಿಂಗಳು ಪ್ರಕಟಿಸುತ್ತದೆ. ಜಾಹೀರಾತಿಗಿಂತ ಆ ಒಂದು ಪುಟ ಹೆಚ್ಚು ಹೇಳುತ್ತದೆ. ವಿಮಾನ ರದ್ದಾದರೆ ಬೇರೆ ವಿಮಾನವನ್ನೋ ಹಣವನ್ನೋ ಕೇಳುವ ಹಕ್ಕು ಪ್ರಯಾಣಿಕನಿಗಿದೆ. ಒಳನಾಡಿನ ಹಾರಾಟ 6 ಗಂಟೆಗೂ ಮೀರಿ ತಡವಾದಾಗಲೂ ಹಾಗೆಯೇ. ಗಂಟೆಗಟ್ಟಲೆ ಕಾಯಿಸಿದರೆ ನಿಯಮದ ಪ್ರಕಾರ ತಿಂಡಿ ಪಾನೀಯ ಕೊಡಬೇಕು. ಕೇಳಿದವರಿಗೆ ಮಾತ್ರ ಕೊಡುವ ಅಭ್ಯಾಸ ಕೆಲವೆಡೆ ಇರುವುದರಿಂದ, ಕೇಳಲು ಸಂಕೋಚಪಡಬಾರದು.

ಆಯ್ಕೆಯೇ ಇಲ್ಲದ ಮಾರ್ಗಗಳೂ ಇವೆ. ದೇಶದೊಳಗೆ ಹಾರುವ ಪ್ರತಿ 10 ಮಂದಿಯಲ್ಲಿ ಸುಮಾರು 6 ಮಂದಿ ಈಗ ಒಂದೇ ಕಂಪೆನಿಯ ವಿಮಾನದಲ್ಲಿರುತ್ತಾರೆ. ಸಣ್ಣ ಊರುಗಳಿಗೆ ಹಲವೊಮ್ಮೆ ದಿನಕ್ಕೆ ಒಂದೇ ಹಾರಾಟ. ಅಲ್ಲಿ ಹೋಲಿಸಬೇಕಾದದ್ದು ವಿಮಾನವನ್ನು ವಿಮಾನದೊಡನಲ್ಲ, ರಾತ್ರಿಯ ರೈಲಿನೊಡನೆ. ಮನೆಯ ಬಾಗಿಲಿನಿಂದ ಮನೆಯ ಬಾಗಿಲಿಗೆ ಲೆಕ್ಕ ಹಾಕಿದರೆ, ಒಂದು ಗಂಟೆಯ ಹಾರಾಟ ಆರು ಗಂಟೆಯ ಪ್ರಯಾಣವಾಗುವುದು ಅಪರೂಪವಲ್ಲ. ಮಲಗಿ ಹೋಗುವ ರೈಲು ಮುದುಕರ ಮೊಣಕಾಲಿಗೆ ಎಷ್ಟೋ ಸಲ ಹೆಚ್ಚು ದಯಾಳು.

ಮೊನ್ನೆ ನಮ್ಮ ಬೀದಿಯ ಹುಡುಗನೊಬ್ಬ ಬಂದು ಅದೇ ಹಳೆಯ ಪ್ರಶ್ನೆ ಕೇಳಿದ: “ಸಾರ್, ಪುಣೆಗೆ ಯಾವ ವಿಮಾನ ಒಳ್ಳೆಯದು?”

“ಯಾರಪ್ಪಾ ಹೋಗುವುದು?” ಎಂದೆ.

“ನಾನೊಬ್ಬನೇ ಸಾರ್. ಇಂಟರ್‌ವ್ಯೂ ಇದೆ.”

ಅವನಿಗೆ 23 ವರ್ಷ. ಬೆನ್ನಿಗೊಂದು ಚೀಲ ಬಿಟ್ಟರೆ ಬೇರೆ ಸಾಮಾನಿಲ್ಲ. “ಎಲ್ಲಕ್ಕಿಂತ ಅಗ್ಗದ್ದು ಯಾವುದೋ ನೋಡು. ಆದರೆ ಅದೇ ಬೆಳಗಿನದು ಬೇಡ, ಹಿಂದಿನ ಸಂಜೆಯದರಲ್ಲಿ ಹೋಗು” ಎಂದು ಹೇಳಿ ಕಳುಹಿಸಿದೆ.